ಬಾಗಿಲು ತಟ್ಟಲು ಎಂಟು ತಿಂಗಳ ಪಯಣ

ಮಕ್ಕಳೇ, ಭೂಪಟ ತೆಗೆದು ಯೂರೋಪಿನ ಉತ್ತರದ ತುದಿಯನ್ನು ನೋಡಿ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಎಂಬ ಮೂರು ದೇಶಗಳು ಅಲ್ಲಿವೆ. ಮೂರನ್ನೂ ಸೇರಿಸಿ ಸ್ಕ್ಯಾಂಡಿನೇವಿಯಾ ಎನ್ನುತ್ತಾರೆ. ಈಗ ಬೆರಳನ್ನು ಅಟ್ಲಾಂಟಿಕ್ ಸಾಗರ ದಾಟಿಸಿ ಅಮೆರಿಕದ ಪಶ್ಚಿಮ ಭಾಗಕ್ಕೆ ತನ್ನಿ. ಅಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಸಿಗುತ್ತದೆ. ಇಂದು ವಿಮಾನ ಹತ್ತಿದರೆ ಒಂದು ದಿನದಲ್ಲಿ ಇಲ್ಲಿಂದ ಅಲ್ಲಿಗೆ ಹೋಗಬಹುದು. 1849ರಲ್ಲಿ ಹೊರಟ ಕೆಲವರಿಗೆ ಸುಮಾರು ಎಂಟು ತಿಂಗಳು ಹಿಡಿಯಿತು. ಅವರು ವ್ಯಾಪಾರಕ್ಕೆ ಹೋದವರಲ್ಲ, ಯುದ್ಧಕ್ಕೂ ಅಲ್ಲ. ಗೊತ್ತಿಲ್ಲದ ಜನರ ಮನೆಬಾಗಿಲು ತಟ್ಟಿ ತಮ್ಮ ನಂಬಿಕೆಯನ್ನು ಹೇಳಲು ಹೋದವರು. ಆ ಬಾಗಿಲುಗಳು ತೆರೆದವೇ, ಮುಚ್ಚಿದವೇ ಎಂಬುದೇ ಇಲ್ಲಿನ ಕಥೆ.

ಹೊರಟವರು ಯಾರು?

ಮಾರ್ಮನ್ ಎಂಬ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಇದು 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಒಂದು ಪಂಥ. ಸ್ಥಾಪಕ ಜೋಸೆಫ್ ಸ್ಮಿತ್. ಬೈಬಲ್ಲಿನ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಎಂಬ ಗ್ರಂಥವನ್ನೂ ಇವರು ಪವಿತ್ರವೆಂದು ನಂಬುವುದರಿಂದ ಜನ ಇವರನ್ನು ಮಾರ್ಮನ್ನರು ಎಂದರು. ನೆರೆಹೊರೆಯವರ ದ್ವೇಷಕ್ಕೆ ಗುರಿಯಾಗಿ ಇವರು ಊರಿಂದೂರಿಗೆ ಓಡಬೇಕಾಯಿತು. 1844ರಲ್ಲಿ ಸ್ಮಿತ್ ಅವರು ಸೆರೆಮನೆಯಲ್ಲಿದ್ದಾಗಲೇ ಗುಂಪೊಂದು ನುಗ್ಗಿ ಅವರನ್ನು ಕೊಂದಿತು. 1847ರಲ್ಲಿ ಉಳಿದವರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ನಡೆದು, ಉಪ್ಪುನೀರಿನ ದೊಡ್ಡ ಸರೋವರದ ಬಳಿ ಊರು ಕಟ್ಟಿದರು. ಅದೇ ಸಾಲ್ಟ್ ಲೇಕ್ ಸಿಟಿ.

ಆ ಕಣಿವೆಗೆ ಮೊದಲು ಕಾಲಿಟ್ಟ ಇಬ್ಬರು ಮಾರ್ಮನ್ನರಲ್ಲಿ ಎರಾಸ್ಟಸ್ ಸ್ನೋ ಒಬ್ಬರು. ಹುಟ್ಟಿದ್ದು 1818ರಲ್ಲಿ, ವರ್ಮಾಂಟ್ ರಾಜ್ಯದಲ್ಲಿ. ಹದಿಹರೆಯದಲ್ಲೇ ಬೋಧನೆಗೆ ಊರೂರು ತಿರುಗಿದವರು. ಹೊಸ ಊರಿಗೆ ಬಂದು ಎರಡು ವರ್ಷವಷ್ಟೇ ಆಗಿತ್ತು. ಆಗ ‘ಡೆನ್ಮಾರ್ಕಿಗೆ ಹೋಗು’ ಎಂದು ಹಿರಿಯರಿಂದ ಆಜ್ಞೆ ಬಂತು. ಮನೆಯವರನ್ನು ಬಿಟ್ಟು 1849ರ ಅಕ್ಟೋಬರ್‌ನಲ್ಲಿ ಹೊರಟೇಬಿಟ್ಟರು.

ಜೊತೆಯಲ್ಲಿದ್ದವರ ಆಯ್ಕೆಯನ್ನು ಗಮನಿಸಿ. ಪೀಟರ್ ಹ್ಯಾನ್ಸನ್ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲೇ ಹುಟ್ಟಿದವರು. ಜಾನ್ ಫೋರ್ಸ್‌ಗ್ರೆನ್ ಸ್ವೀಡನ್ನಿನ ಯೇವ್ಲೆ ಎಂಬ ಬಂದರು ಊರಿನವರು. ಇಬ್ಬರೂ ಅಮೆರಿಕ ತಲುಪಿ, ಅಲ್ಲಿ ಈ ಪಂಥ ಸೇರಿದ್ದರು. ನಾಲ್ಕನೆಯವರಾದ ಜಾರ್ಜ್ ಡೈಕ್ಸ್ ಅಮೆರಿಕದವರೇ ಆದರೂ, ಅಲ್ಲಿ ನೆಲೆಸಿದ್ದ ನಾರ್ವೆಯ ರೈತರ ನಡುವೆ ಕೆಲಸ ಮಾಡಿದ್ದರು. ಹೋಗುವ ನಾಡಿನ ಮಾತು ಗೊತ್ತಿರುವವರನ್ನೇ ಹುಡುಕಿ ಕಳಿಸಿದ್ದರು.

ಬಯಲು ದಾಟಿ, ಅಮೆರಿಕದ ಪೂರ್ವ ತೀರ ಸೇರಿ, ಅಲ್ಲಿಂದ ಹಡಗಿನಲ್ಲಿ ಇಂಗ್ಲೆಂಡ್, ಅಲ್ಲಿಂದ ಮತ್ತೆ ಹಡಗು. ಸ್ನೋ ಕೋಪನ್‌ಹೇಗನ್ನಿನಲ್ಲಿ ಇಳಿದದ್ದು 1850ರ ಜೂನ್ 14ರಂದು. ಹ್ಯಾನ್ಸನ್ ಕೆಲವು ವಾರ ಮೊದಲೇ ತಮ್ಮ ಹುಟ್ಟೂರು ಮುಟ್ಟಿದ್ದರು.

ಕಾಗದದ ಮೇಲಿನ ಕಾನೂನು

ಡೆನ್ಮಾರ್ಕನ್ನು ಆರಿಸಿಕೊಳ್ಳಲು ಒಳ್ಳೆಯ ಕಾರಣವಿತ್ತು. 1849ರ ಜೂನ್ 5ರಂದು ಅಲ್ಲಿನ ದೊರೆ ಹೊಸ ಸಂವಿಧಾನಕ್ಕೆ ಸಹಿ ಹಾಕಿದ್ದ. ಯಾರು ಯಾವ ದೇವರನ್ನು ಹೇಗೆ ಬೇಕಾದರೂ ಪೂಜಿಸಬಹುದು ಎಂಬ ಸ್ವಾತಂತ್ರ್ಯ ಅದರಲ್ಲಿತ್ತು. ಅದಕ್ಕೆ ಮೊದಲು ಅಲ್ಲಿ ರಾಜ್ಯದ ಲೂಥರನ್ ಚರ್ಚೇ ಎಲ್ಲ. ಪೀಟರ್ ಮೋನ್‌ಸ್ಟರ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ತಮ್ಮ ನಂಬಿಕೆಯ ಕಾರಣಕ್ಕೇ ಹಲವು ಬಾರಿ ಸೆರೆಮನೆ ಕಂಡಿದ್ದರು. ಸ್ನೋ ಮತ್ತು ಗೆಳೆಯರು ಮೊದಲು ಹೋದದ್ದು ಅವರ ಸಭೆಗೇ. 1850ರ ಆಗಸ್ಟ್ 12ರಂದು ಓರೆಸುಂಡ್ ಜಲಸಂಧಿಯ ನೀರಿನಲ್ಲಿ ಹದಿನೈದು ಜನ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಹಲವರು ಆ ಬ್ಯಾಪ್ಟಿಸ್ಟ್ ಸಭೆಯವರು.

ಆದರೆ ಕಾನೂನು ಬರೆಯುವುದು ಒಂದು ದಿನದ ಕೆಲಸ, ಅದು ಬೀದಿಗೆ ಇಳಿಯಲು ವರ್ಷಗಳೇ ಬೇಕು. ಸಭೆ ನಡೆಯುವ ಮನೆಗಳ ಕಿಟಕಿಗೆ ಕಲ್ಲು ಬಿತ್ತು. ಓಲ್ಬೋರ್ ಎಂಬ ಊರಿನಲ್ಲಿ ಜನರ ಗುಂಪು ಸಭೆಯನ್ನೇ ಚೆದುರಿಸಿತು. ಹೊಸದಾಗಿ ಪಂಥ ಸೇರಿದವರು ಕೆಲಸ ಕಳೆದುಕೊಂಡರು, ಮನೆಯವರ ಮಾತಿಗೂ ಎರವಾದರು. ಆ ಕಾಲದ ಮಾರ್ಮನ್ನರಲ್ಲಿ ಬಹುಪತ್ನಿತ್ವವಿದ್ದದ್ದು ಜನರ ಸಿಟ್ಟನ್ನು ಇನ್ನೂ ಹೆಚ್ಚಿಸಿತು. (1890ರಲ್ಲಿ ಪಂಥ ಆ ಪದ್ಧತಿಯನ್ನು ಅಧಿಕೃತವಾಗಿ ಕೈಬಿಟ್ಟಿತು.)

ಸ್ವೀಡನ್ನಿನಲ್ಲಿ ಕಾಗದದ ಮೇಲೂ ಸ್ವಾತಂತ್ರ್ಯವಿರಲಿಲ್ಲ. ಪಾದ್ರಿಯ ಅಪ್ಪಣೆಯಿಲ್ಲದೆ ಮನೆಗಳಲ್ಲಿ ಧಾರ್ಮಿಕ ಸಭೆ ಸೇರಬಾರದು ಎಂಬ 1726ರ ಕಾನೂನು ಇನ್ನೂ ಜೀವಂತವಾಗಿತ್ತು. ಫೋರ್ಸ್‌ಗ್ರೆನ್ ಹಲವು ವರ್ಷಗಳ ಮೇಲೆ ತಮ್ಮೂರಿಗೆ ಮರಳಿದರು. ತಮ್ಮ ಕಾಯಿಲೆ ಬಿದ್ದಿದ್ದ. 1850ರ ಜುಲೈಯಲ್ಲಿ ಅವನಿಗೆ ದೀಕ್ಷಾಸ್ನಾನ ಕೊಟ್ಟರು. ಸ್ಕ್ಯಾಂಡಿನೇವಿಯಾದಲ್ಲಿ ಅದೇ ಮೊದಲನೆಯದು. ಆಮೇಲೆ ಸಭೆ ಸೇರಿಸಿದ್ದಕ್ಕೆ ಪೊಲೀಸರು ಹಿಡಿದರು, ಅಮೆರಿಕಕ್ಕೆ ಹೋಗುವ ಹಡಗು ಹತ್ತಿಸಿ ದೇಶದಿಂದ ಹೊರಹಾಕಿದರು. ಹಡಗು ಡೆನ್ಮಾರ್ಕಿನ ಹೆಲ್ಸಿಂಗೋರ್ ಮುಟ್ಟಿದಾಗ ಫೋರ್ಸ್‌ಗ್ರೆನ್ ಇಳಿದುಕೊಂಡು, ಸೀದಾ ಕೋಪನ್‌ಹೇಗನ್ನಿಗೆ ಬಂದು ಗೆಳೆಯರನ್ನು ಕೂಡಿಕೊಂಡರು!

ನಾರ್ವೆಯಲ್ಲಿ ಇನ್ನೊಂದು ಬಗೆ. ಅಲ್ಲಿ ಬೇರೆ ಕ್ರೈಸ್ತ ಪಂಗಡಗಳಿಗೆ ಅವಕಾಶ ಕೊಡುವ 1845ರ ಕಾನೂನು ಇತ್ತು. ಆದರೆ ಮಾರ್ಮನ್ನರಿಗೆ ಅದು ಅನ್ವಯಿಸುವುದಿಲ್ಲ ಎಂದು 1853ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಬೋಧಿಸಿದವರಿಗೆ ದಂಡ. ಕಟ್ಟದಿದ್ದರೆ ಬರೀ ರೊಟ್ಟಿ-ನೀರಿನ ಸೆರೆವಾಸ.

ಎರಡೂವರೆ ಇಪ್ಪತ್ತು ಎಂದರೆ ಎಷ್ಟು?

ಅಮೆರಿಕದವರಾದ ಸ್ನೋ ಅವರಿಗೆ ಭಾಷೆ ಕಲಿಯದೆ ದಾರಿಯಿರಲಿಲ್ಲ. ಹ್ಯಾನ್ಸನ್ ‘ಬುಕ್ ಆಫ್ ಮಾರ್ಮನ್’ ಅನ್ನು ಡ್ಯಾನಿಷ್‌ಗೆ ತಂದರು, ಸ್ನೋ ಜೊತೆಗೆ ಕೂತು ತಿದ್ದಿದರು. 1851ರಲ್ಲಿ ಅದು ಅಚ್ಚಾಯಿತು. ಇಂಗ್ಲಿಷ್ ಬಿಟ್ಟು ಬೇರೊಂದು ಭಾಷೆಯಲ್ಲಿ ಆ ಗ್ರಂಥ ಹೊರಬಂದದ್ದು ಅದೇ ಮೊದಲು.

ಡ್ಯಾನಿಷ್ ಸುಲಭದ ಭಾಷೆಯಲ್ಲ. ಬರೆಯುವುದು ಒಂದು, ನುಡಿಯುವುದು ಇನ್ನೊಂದು. ಹೊರಗಿನವರು ಸಿಕ್ಕರೆ ಡೆನ್ಮಾರ್ಕಿನವರು ‘ರೋಡ್‌ಗ್ರೋಡ್ ಮೆಡ್ ಫ್ಲೋಡೆ’ ಎಂದು ಹೇಳಿಸಿ ನಗುತ್ತಾರೆ. ಕೆಂಪು ಹಣ್ಣುಗಳನ್ನು ಬೇಯಿಸಿ ಮೇಲೆ ಕೆನೆ ಸುರಿದ ಸಿಹಿತಿಂಡಿ ಅದು. ನಾವು ಹೊಸಬರಿಗೆ ತರೀಕೆರೆ ಏರಿಯ ಕುರಿಮರಿಗಳ ಮಾತನ್ನು ಬೇಗ ಬೇಗ ಹೇಳಿಸುವ ಹಾಗೆ.

ಬ್ಯಾಂಕಿನಲ್ಲಿ ಆಯುಷ್ಯವಿಡೀ ಅಂಕಿಗಳ ಜೊತೆ ಕಳೆದ ನನಗೆ ಹೆಚ್ಚು ಹಿಡಿಸಿದ್ದು ಅವರ ಎಣಿಕೆ. ಡ್ಯಾನಿಷ್‌ನಲ್ಲಿ 60ಕ್ಕೆ ‘ಮೂರು ಇಪ್ಪತ್ತು’ ಎಂಬರ್ಥದ ಪದ. 80 ಎಂದರೆ ‘ನಾಲ್ಕು ಇಪ್ಪತ್ತು’. ಹಾಗಾದರೆ 50? ‘ಎರಡೂವರೆ ಇಪ್ಪತ್ತು’! 90 ಎಂದರೆ ‘ನಾಲ್ಕೂವರೆ ಇಪ್ಪತ್ತು’. ಮಕ್ಕಳೇ, ಈಗ ನೀವೇ ಹೇಳಿ, 70 ಏನಾಗಬೇಕು?

ಸಾಲ ತೀರಿಸಿದರೆ ಇನ್ನೊಬ್ಬರಿಗೆ ದಾರಿ

ಪಂಥ ಸೇರಿದವರೆಲ್ಲ ಯೂಟಾಕ್ಕೆ ಬಂದು ಒಟ್ಟಿಗೆ ಬಾಳಬೇಕು ಎಂಬುದು ಆಗಿನ ನಂಬಿಕೆ. ಆದರೆ ಬಡ ರೈತರಿಗೆ, ಕೂಲಿಗಳಿಗೆ ಹಡಗಿನ ಖರ್ಚು ಎಲ್ಲಿಂದ ಬರಬೇಕು? ಅದಕ್ಕೆ 1849ರಲ್ಲೇ ಒಂದು ವಲಸೆ ನಿಧಿ ಹುಟ್ಟಿತು. ನಿಧಿಯಿಂದ ಹಣ ಪಡೆದು ಬಂದವರು, ನೆಲೆಯೂರಿದ ಮೇಲೆ ದುಡಿದು ಹಿಂದಿರುಗಿಸಬೇಕು. ಆ ಹಣದಲ್ಲಿ ಮುಂದಿನವರು ಬರಬೇಕು. ಲೆಕ್ಕ ಸರಳ, ವಸೂಲಿ ಕಷ್ಟ! ಬಾಕಿ ಬೆಳೆಯುತ್ತ ಹೋಯಿತು. 1880ರಲ್ಲಿ ಪಂಥಕ್ಕೆ ಐವತ್ತು ತುಂಬಿದಾಗ ಬಡವರ ಬಾಕಿಯಲ್ಲಿ ಅರ್ಧ ಮನ್ನಾ ಮಾಡಿದರು. 1887ರಲ್ಲಿ ಅಮೆರಿಕ ಸರ್ಕಾರದ ಕಾನೂನಿನಿಂದ ನಿಧಿಯೇ ಮುಚ್ಚಿಹೋಯಿತು. ಅಷ್ಟರಲ್ಲಿ ಸಾವಿರಾರು ಮಂದಿ ಸಾಗರ ದಾಟಿದ್ದರು.

ಸ್ಕ್ಯಾಂಡಿನೇವಿಯಾದ ಮೊದಲ ದೊಡ್ಡ ತಂಡ 1853ರ ಜನವರಿಯಲ್ಲಿ ‘ಫಾರೆಸ್ಟ್ ಮೊನಾರ್ಕ್’ ಎಂಬ ಹಡಗಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಿಂದ ಹೊರಟಿತು. ಸುಮಾರು ಮುನ್ನೂರು ಜನ. ಅವರ ಮುಂದಾಳು ಸ್ವೀಡನ್ನಿನಿಂದ ಹೊರಹಾಕಿಸಿಕೊಂಡಿದ್ದ ಅದೇ ಫೋರ್ಸ್‌ಗ್ರೆನ್. ದಾರಿಯಲ್ಲಿ ಕೆಲವರು ತೀರಿಕೊಂಡರು. ಉಳಿದವರು ಎತ್ತಿನ ಗಾಡಿಗಳಲ್ಲಿ ಬಯಲು ದಾಟಿ ಸೆಪ್ಟೆಂಬರ್ ಕೊನೆಗೆ ಯೂಟಾ ಸೇರಿದರು. ಯೂಟಾದ ಎಫ್ರೈಮ್ ಎಂಬ ಊರಿನಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಸ್ಕ್ಯಾಂಡಿನೇವಿಯಾದ ಹಬ್ಬ ನಡೆಯುತ್ತದೆ.

ಈ ಲೆಕ್ಕಕ್ಕೆ ಇನ್ನೊಂದು ಪುಟವೂ ಇದೆ. ಹೊರಟವರ ಹಿಂದೆ ಹಳ್ಳಿಯಲ್ಲಿ ಉಳಿದ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಲ್ಲಿ ಅನೇಕರಿಗೆ ಮಕ್ಕಳ ಮುಖ ಮತ್ತೆ ಕಾಣಲಿಲ್ಲ. ಮಿಷನರಿಗಳು ಗಳಿಸಿದ ಹೊಸ ಸಭೆಗಳೂ ವರ್ಷವರ್ಷ ಖಾಲಿಯಾದವು.

ಹದಿನೆಂಟಕ್ಕೇ ‘ಹಿರಿಯ’!

ಆ ಬಾಗಿಲು ತಟ್ಟುವ ಕೆಲಸ ಇಂದಿಗೂ ನಿಂತಿಲ್ಲ. ಈಗ ಹೋಗುವವರು ಬಹುಪಾಲು ಕಾಲೇಜು ವಯಸ್ಸಿನವರು. ಹುಡುಗರಿಗೆ ಹದಿನೆಂಟು ತುಂಬಿದರೆ ಸಾಕು, ಎರಡು ವರ್ಷದ ಸೇವೆ. ಹುಡುಗಿಯರಿಗೆ ಒಂದೂವರೆ ವರ್ಷ. ಹುಡುಗನನ್ನು ‘ಎಲ್ಡರ್’ ಎಂದು ಕರೆಯುತ್ತಾರೆ, ಅಂದರೆ ‘ಹಿರಿಯ’! ಮೀಸೆ ಮೂಡುವ ಮೊದಲೇ ಹಿರಿತನ. ಯಾವ ದೇಶಕ್ಕೆ ಎಂದು ಅವರು ಆರಿಸುವಂತಿಲ್ಲ. ಪತ್ರ ಬರುತ್ತದೆ, ಅದರಲ್ಲಿದ್ದ ಕಡೆಗೆ ಹೋಗಬೇಕು.

ಸಂಬಳವಿಲ್ಲ. ಖರ್ಚನ್ನು ತಾವು ಕೂಡಿಟ್ಟ ಹಣದಿಂದಲೋ, ಮನೆಯವರ ನೆರವಿನಿಂದಲೋ ಕೊಡಬೇಕು. 2020ರ ಜುಲೈಯಿಂದ ಅಮೆರಿಕದ ಹುಡುಗರಿಗೆ ಇದು ತಿಂಗಳಿಗೆ 500 ಡಾಲರ್ ಎಂದು ನಿಗದಿಯಾಯಿತು. ಎರಡು ವರ್ಷಕ್ಕೆ 12,000 ಡಾಲರ್. ದುಬಾರಿಯ ನಾರ್ವೆಗೆ ಹೋದರೂ ಅಷ್ಟೇ, ಅಗ್ಗದ ನಾಡಿಗೆ ಹೋದರೂ ಅಷ್ಟೇ. ಎಲ್ಲರ ಹಣ ಒಂದೇ ಹುಂಡಿಗೆ ಬಿದ್ದು, ಬೇಕಾದ ಕಡೆಗೆ ಬೇಕಾದಷ್ಟು ಹೋಗುತ್ತದೆ.

ಕೆಲವೇ ವಾರ ಭಾಷೆ ಕಲಿತು ಹೊರಡುತ್ತಾರೆ. ಯಾವಾಗಲೂ ಇಬ್ಬಿಬ್ಬರು ಜೊತೆಯಾಗಿಯೇ ಇರಬೇಕು. ನಾರ್ವೆಯ ಉತ್ತರದ ಟ್ರೊಮ್ಸೊ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ! ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಮುಳುಗುವುದೇ ಇಲ್ಲ. ಇಂದಿನ ಸ್ಕ್ಯಾಂಡಿನೇವಿಯಾದಲ್ಲಿ ಕಲ್ಲೆಸೆಯುವವರಿಲ್ಲ, ಸೆರೆಗೆ ಹಾಕುವವರಿಲ್ಲ. ‘ಬೇಡಪ್ಪ, ವಂದನೆ’ ಎಂದು ಬಾಗಿಲು ಹಾಕುವವರೇ ಹೆಚ್ಚು. ದಿನಕ್ಕೆ ಎಷ್ಟೋ ಬಾರಿ ಅದನ್ನು ಕೇಳಿ, ನಕ್ಕು, ಮುಂದಿನ ಮನೆಗೆ ನಡೆಯಬೇಕು. ಉಚಿತವಾಗಿ ಇಂಗ್ಲಿಷ್ ಪಾಠ ಹೇಳುವುದು, ನೆರವು ಕೇಳಿದವರ ಮನೆಗೆಲಸಕ್ಕೆ ಕೈಜೋಡಿಸುವುದೂ ಅವರ ಸೇವೆಯ ಭಾಗ.

ಮನೆಯ ನೆನಪೂ ಇರುತ್ತದಲ್ಲ? ಬಹಳ ವರ್ಷ ಅವರಿಗೆ ವಾರಕ್ಕೊಂದು ಪತ್ರವಷ್ಟೇ, ಫೋನ್ ವರ್ಷಕ್ಕೆ ಎರಡೇ ಬಾರಿ: ಕ್ರಿಸ್‌ಮಸ್‌ಗೆ, ಅಮ್ಮಂದಿರ ದಿನಕ್ಕೆ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮನೆಗೆ ಕರೆ ಮಾಡಬಹುದಾಗಿದೆ. ಆ ಸುದ್ದಿ ಕೇಳಿ ಅಲ್ಲಿನ ಅಜ್ಜಿಯರು ಎಷ್ಟು ಹಿಗ್ಗಿರಬೇಕು, ನೀವೇ ಊಹಿಸಿ.

ನಮ್ಮ ಬೆಂಗಳೂರಿನಲ್ಲೂ 1993ರಿಂದ ಇವರದೊಂದು ಮಿಷನ್ ಇದೆ.

ಹೋದವರು ತಂದದ್ದು

ಕೋಪನ್‌ಹೇಗನ್ನಿನ ವೋರ್ ಫ್ರೂ ಚರ್ಚಿನಲ್ಲಿ ಡ್ಯಾನಿಷ್ ಶಿಲ್ಪಿ ಥೋರ್ವಾಲ್ಡ್‌ಸನ್ ಕಡೆದ, ಎರಡೂ ಕೈ ಚಾಚಿ ನಿಂತ ಯೇಸುವಿನ ವಿಗ್ರಹವಿದೆ. ಅದು ಲೂಥರನ್ನರ ಚರ್ಚು. ಅದೇ ವಿಗ್ರಹದ ಪ್ರತಿಯನ್ನು ಮಾರ್ಮನ್ನರು 1960ರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಿಲ್ಲಿಸಿದರು. ಕಲಿಸಲು ಹೋದವರು ಕಲಿತೂ ಬಂದರು.

ಅವರ ನಂಬಿಕೆ ಅವರದು, ನಮ್ಮದು ನಮ್ಮದು. ಬಾಗಿಲು ತಟ್ಟುವ ಹಕ್ಕು ಒಬ್ಬರಿಗಿದ್ದರೆ, ಬೇಡವೆನ್ನುವ ಹಕ್ಕು ಇನ್ನೊಬ್ಬರಿಗೆ. ಎರಡಕ್ಕೂ ಕಲ್ಲು ಬೇಕಿಲ್ಲ ಎಂದು ಡೆನ್ಮಾರ್ಕಿನ ಬೀದಿಗಳು ಕಲಿತದ್ದು ಸಂವಿಧಾನ ಬರೆದ ಎಷ್ಟೋ ಕಾಲದ ಮೇಲೆ.

ಮಕ್ಕಳೇ, ನಿಮ್ಮ ಬೀದಿಯಲ್ಲೂ ಬೇರೆ ಮಾತಿನ, ಬೇರೆ ಪೂಜೆಯ ಒಂದು ಮನೆ ಇರಬಹುದು. ಅವರ ಭಾಷೆಯಲ್ಲಿ ‘ಚೆನ್ನಾಗಿದ್ದೀರಾ?’ ಎನ್ನುವುದು ಹೇಗೆಂದು ಈ ವಾರ ಕೇಳಿ ಕಲಿಯಿರಿ. ಅಜ್ಜ-ಅಜ್ಜಿಗೂ ಹೇಳಿಕೊಡಿ. ಹಾಂ, 70ರ ಉತ್ತರ: ‘ಮೂರೂವರೆ ಇಪ್ಪತ್ತು’. ನನ್ನ ವಯಸ್ಸು ಅದನ್ನು ದಾಟಿದೆ!