ಹನ್ನೆರಡು ಎಣಿಕೆಯ ಚಪ್ಪಾಳೆ

ಲಂಡನ್ನಿನಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿದ್ದೆ. ಮೈಸೂರಿನಿಂದ ಹೊರಡುವಾಗ ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಸಂಡಿಗೆ ಎಲ್ಲ ಕಟ್ಟಿಕೊಂಡಿದ್ದೆ. ಮೊಮ್ಮಗನಿಗೆ ಹೇಳಲು ಒಂದಷ್ಟು ಕಥೆಗಳನ್ನೂ ನೆನಪು ಮಾಡಿಕೊಂಡಿದ್ದೆ. ಆದರೆ ಹತ್ತು ವರ್ಷದ ನಮ್ಮ ಪುಟ್ಟನಿಗೆ ಕಥೆಗಿಂತ ಸದ್ದೇ ಪ್ರೀತಿ. ಊಟದ ಮೇಜಿನ ಮೇಲೆ ಟಕ್ ಟಕ್, ಮೆಟ್ಟಿಲ ಕಟಕಟೆಯ ಮೇಲೆ ಟಿಕ್ ಟಿಕ್, ಹಲ್ಲುಜ್ಜುವಾಗಲೂ ಲೋಟದ ಮೇಲೆ ಟಿಣ್ ಟಿಣ್. "ಸಾಕು ನಿಲ್ಸೋ" ಎಂದು ದಿನಕ್ಕೆ ಇಪ್ಪತ್ತು ಸಲ ಅವನಮ್ಮ ಕೂಗುತ್ತಿದ್ದಳು.

ತರಗತಿಯಲ್ಲಿ ಡೆಸ್ಕು ಬಡಿಯುತ್ತಾನೆ ಎಂದು ಶಾಲೆಯಿಂದ ಚೀಟಿಯೂ ಬಂದಿತ್ತು. ಅವನು ಪ್ರತಿ ಶನಿವಾರ ತಾಳವಾದ್ಯದ ಕ್ಲಾಸಿಗೆ ಹೋಗುತ್ತಿದ್ದ. ಮುಂದಿನ ವರ್ಷ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆ ಇರುವುದರಿಂದ ಈ ಕ್ಲಾಸನ್ನು ಬಿಡಿಸಿ ಗಣಿತದ ಪಾಠಕ್ಕೆ ಹಾಕುವುದು ಎಂದು ಮಗಳು ಅಳಿಯ ಮಾತಾಡಿಕೊಂಡಿದ್ದರು. ಪುಟ್ಟನೂ ಎದುರು ಮಾತಾಡಲಿಲ್ಲ. ಅವನ ಜೊತೆ ನುಡಿಸುತ್ತಿದ್ದ ಗೆಳೆಯ ಬೇರೆ ಊರಿಗೆ ಹೋಗಿಬಿಟ್ಟಿದ್ದ. ಇಬ್ಬರೂ ಸೇರಿ ಕಲಿಯುತ್ತಿದ್ದ ಒಂದು ಕೃತಿ ಅರ್ಧಕ್ಕೇ ನಿಂತಿತ್ತು.

"ಯಾವುದೋ ಅದು?" ಎಂದು ಕೇಳಿದೆ.

"ಬರೀ ಚಪ್ಪಾಳೆ ಅಜ್ಜಿ. ಆದ್ರೆ ಒಬ್ಬನೇ ಮಾಡಕ್ಕಾಗಲ್ಲ" ಎಂದ.

ಥೇಮ್ಸ್ ದಂಡೆಯ ಒಂದು ಸಂಜೆ

ಅದೇ ವಾರ ಥೇಮ್ಸ್ ನದಿಯ ದಂಡೆಯ ಸಭಾಂಗಣವೊಂದರಲ್ಲಿ ಅಮೆರಿಕದ ಸಂಗೀತ ರಚನೆಕಾರ ಸ್ಟೀವ್ ರೈಶ್ ಅವರ ತಾಳವಾದ್ಯ ಕೃತಿಗಳ ಕಛೇರಿಯಿತ್ತು. ಮೊದಲೇ ಟಿಕೆಟ್ ತೆಗೆದಿಟ್ಟಿದ್ದ ಅಳಿಯನಿಗೆ ಆಫೀಸಿನ ಕೆಲಸ ಬಂತು. ಅವನ ಟಿಕೆಟ್ಟಿನಲ್ಲಿ ನಾನು ಹೋದೆ. ಕಾಲಿಗೆ ಸಾಕ್ಸ್, ಸೀರೆಯ ಮೇಲೆ ಕೋಟು, ಕೈಯಲ್ಲಿ ಪುಟ್ಟನ ಕೈ.

ವೇದಿಕೆಯ ಮೇಲೆ ನಿಂತುಕೊಂಡು ಬಾರಿಸುವ ಎತ್ತರಕ್ಕೆ ನಾಲ್ಕು ಜೊತೆ ಪುಟ್ಟ ಚರ್ಮವಾದ್ಯಗಳಿದ್ದವು. ಅವು ಬೊಂಗೊಗಳು ಎಂದು ಪುಟ್ಟ ಕಿವಿಯಲ್ಲಿ ಹೇಳಿದ. ಅವುಗಳ ಹಿಂದೆ ಮರದ ಪಟ್ಟಿಗಳ ಮೂರು ಮಾರಿಂಬಾ, ಲೋಹದ ಪಟ್ಟಿಗಳ ಮೂರು ಗ್ಲಾಕೆನ್‌ಸ್ಪೀಲ್. ಪಿಟೀಲು, ಪಿಯಾನೊ ಯಾವುದೂ ಕಾಣಲಿಲ್ಲ. ಕೃತಿಯ ಹೆಸರು 'ಡ್ರಮ್ಮಿಂಗ್'. ಒಂದು ಗಂಟೆಯ ಆಸುಪಾಸು ನಡೆಯುತ್ತದಂತೆ. ಒಂದು ಗಂಟೆ ಬರೀ ಬಡಿತ ಕೇಳಿ ತಲೆನೋವು ಬಂದರೆ ಏನು ಮಾಡಲಿ ಎಂದು ನಾನು ಚೀಲದಲ್ಲಿ ಅಮೃತಾಂಜನ ಇದೆಯೇ ನೋಡಿಕೊಂಡೆ.

ಶುರುವಾದದ್ದು ಒಂದೇ ಒಂದು ಪೆಟ್ಟಿನಿಂದ. ಹನ್ನೆರಡು ಎಣಿಕೆಯ ಆವರ್ತದಲ್ಲಿ ಒಂದು ಪೆಟ್ಟು, ಉಳಿದ ಹನ್ನೊಂದೂ ಖಾಲಿ. ಕೆಲವು ಸುತ್ತಿನ ಮೇಲೆ ಖಾಲಿ ಜಾಗದಲ್ಲಿ ಇನ್ನೊಂದು ಪೆಟ್ಟು ಬಂತು, ಆಮೇಲೆ ಮತ್ತೊಂದು. ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಒಂದೊಂದೇ ಸೇರಿ ಇಡೀ ಆಕಾರ ತುಂಬಿಕೊಂಡಿತು. ಅದು ಗಟ್ಟಿಯಾದ ಮೇಲೆ ಒಬ್ಬ ವಾದಕ ಮಾತ್ರ ಗೊತ್ತೇ ಆಗದಷ್ಟು ವೇಗ ಹೆಚ್ಚಿಸಿದ. ಜೊತೆಯವರು ತಮ್ಮ ಲಯ ಬಿಡಲಿಲ್ಲ. ಒಂದು ಕ್ಷಣ ಎಲ್ಲವೂ ಕಲಸಿಹೋದಂತೆ ಕೇಳಿಸಿತು. ಲಯ ತಪ್ಪಿದರು ಎಂದೇ ನಾನು ತಿಳಿದೆ. ಅಷ್ಟರಲ್ಲಿ ಅವನು ಸರಿಯಾಗಿ ಒಂದು ಎಣಿಕೆ ಮುಂದೆ ಹೋಗಿ ನಿಂತ. ಮತ್ತೆ ಎಲ್ಲ ಸ್ಪಷ್ಟವಾಯಿತು. ಕೇಳಿಸಿದ್ದು ಮಾತ್ರ ಹೊಸದೇ ಒಂದು ರಾಗದಂಥದು! ಯಾರೂ ಹೊಸದಾಗಿ ಏನನ್ನೂ ನುಡಿಸಿರಲಿಲ್ಲ. ಹಳೆಯದೇ ಎರಡು ಸಾಲು ಒಂದರ ಪಕ್ಕ ಒಂದು ಸರಿದಿದ್ದವು, ಅಷ್ಟೆ.

ಚರ್ಮವಾದ್ಯದಿಂದ ಮಾರಿಂಬಾಕ್ಕೆ ಬಂದಾಗ ಹೆಂಗಸರ ದನಿ ಸೇರಿಕೊಂಡಿತು. ಆದರೆ ಸಾಹಿತ್ಯವಿಲ್ಲ. ಮಾರಿಂಬಾದ ಸದ್ದನ್ನೇ ಅನುಕರಿಸುವ ದನಿ. ಗ್ಲಾಕೆನ್‌ಸ್ಪೀಲ್ ಬಂದಾಗ ಅದರ ಸಣ್ಣ ಸದ್ದಿಗೆ ಶಿಳ್ಳೆ ಮತ್ತು ಪಿಕಲೊ ಎಂಬ ಪುಟ್ಟ ಕೊಳಲು. ನಾಲ್ಕನೆಯ ಭಾಗದಲ್ಲಿ ಎಲ್ಲರೂ ಒಟ್ಟಿಗೆ. ಮುಗಿದಾಗ ಜನ ಎದ್ದು ನಿಂತರು. ನಾನೂ ನಿಂತೆ. ಅಮೃತಾಂಜನದ ನೆನಪೇ ಆಗಿರಲಿಲ್ಲ.

ವಾದಕರಲ್ಲಿ ಹೆಂಗಸರೂ ಇದ್ದರು. ಚಿಕ್ಕಂದಿನಲ್ಲಿ ನನಗೆ ಮೃದಂಗ ಕಲಿಯುವ ಆಸೆಯಿತ್ತು. "ಹೆಣ್ಮಕ್ಕಳಿಗೆ ಯಾಕೆ ಅದು, ಹಾಡು ಕಲಿ" ಎಂದಿದ್ದರು ಮನೆಯಲ್ಲಿ. ಹಾಡು ಕಲಿತೆ. ಆದರೂ ಕಛೇರಿಗೆ ಹೋದಾಗ ನನ್ನ ಕಣ್ಣು ಹೋಗುವುದು ಮೃದಂಗದವರ ಬೆರಳ ಮೇಲೆಯೇ. ಮನೆಗೆ ಬರುವಾಗ ರೈಲಿನಲ್ಲಿ ಪುಟ್ಟ ನನ್ನ ಮೊಣಕಾಲ ಮೇಲೆ ಟಕ್ ಟಕ್ ಎಂದು ಶುರು ಮಾಡಿದ. ನಾನು ನಿಲ್ಲಿಸು ಎನ್ನಲಿಲ್ಲ.

ಟ್ಯಾಕ್ಸಿ ಓಡಿಸಿದ ಸಂಗೀತಗಾರ

ಈ ರೈಶ್ ಯಾರು ಎಂದು ಆಮೇಲೆ ಓದಿಕೊಂಡೆ. 1936ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಡ್ರಮ್ ಕಲಿಯಲು ಆರಂಭಿಸಿದರು. ಕಾಲೇಜಿನಲ್ಲಿ ಓದಿದ್ದು ತತ್ತ್ವಶಾಸ್ತ್ರ, ಆಮೇಲೆ ಸಂಗೀತ. ಸಂಗೀತದಿಂದ ಹೊಟ್ಟೆ ತುಂಬದ ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟ್ಯಾಕ್ಸಿ ಓಡಿಸಿದರು. ನ್ಯೂಯಾರ್ಕಿಗೆ ಮರಳಿದ ಮೇಲೆ, ಮುಂದೆ ಹೆಸರಾಂತ ರಚನೆಕಾರರಾದ ಫಿಲಿಪ್ ಗ್ಲಾಸ್ ಜೊತೆ ಸೇರಿ ಜನರ ಮನೆಯ ಮೇಜು ಕುರ್ಚಿ ಸಾಗಿಸುವ ಕೆಲಸವನ್ನೂ ಮಾಡಿದರು.

ಅವರ ಸರಿಯುವ ಲಯದ ಹೊಳಹು ಬಂದದ್ದು ಟೇಪ್ ರೆಕಾರ್ಡರಿನಿಂದ. 1965ರಲ್ಲಿ ಬೀದಿಯ ಉಪದೇಶಕನೊಬ್ಬನ ದನಿಯ ತುಣುಕನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಓಡಿಸಿದರು. ಎರಡರ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಒಂದು ಮೆಲ್ಲಗೆ ಇನ್ನೊಂದರಿಂದ ದೂರ ಸರಿಯಿತು. ಯಂತ್ರದ ಆ ಕುಂದನ್ನೇ ಅವರು ಸಂಗೀತ ಮಾಡಿಕೊಂಡರು. ಯಂತ್ರ ಮಾಡುವುದನ್ನು ಮನುಷ್ಯರು ಮಾಡಬಹುದೇ ಎಂದು ನೋಡಲು 1967ರಲ್ಲಿ ಎರಡು ಪಿಯಾನೊಗಳಿಗೆ ಕೃತಿ ಬರೆದರು.

1970ರಲ್ಲಿ ಆಫ್ರಿಕಾದ ಘಾನಾ ದೇಶಕ್ಕೆ ಹೋಗಿ, ಏವೆ ಜನಾಂಗದ ಹಿರಿಯ ವಾದಕ ಗಿಡಿಯನ್ ಅಲೊರ್ವೊಯಿ ಅವರ ಬಳಿ ಪಾಠಕ್ಕೆ ಕುಳಿತರು. ಇನ್ನೂ ಕಲಿಯಬೇಕೆಂದಿದ್ದರು. ಆದರೆ ಮಲೇರಿಯಾ ಹಿಡಿದು ಕೆಲವೇ ವಾರಗಳಲ್ಲಿ ಮರಳಬೇಕಾಯಿತು. ಊರಿಗೆ ಬಂದು ಬರೆದದ್ದೇ 'ಡ್ರಮ್ಮಿಂಗ್'. 1971ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅದರ ಮೊದಲ ಕಛೇರಿ ನಡೆಯಿತು. ಅಲ್ಲಿಂದ ಈಚೆಗೆ ಅದು ಹಲವು ದೇಶಗಳ ವೇದಿಕೆ ಏರಿದೆ. ಸ್ಕಾಟ್ಲೆಂಡಿನ ಕಾಲಿನ್ ಕರಿ ಎಂಬ ವಾದಕ 2006ರಲ್ಲಿ ಈ ಕೃತಿಯನ್ನು ನುಡಿಸಲೆಂದೇ ಒಂದು ತಂಡ ಕಟ್ಟಿದರು.

ಪುಟ್ಟ ಕಲಿಯುತ್ತಿದ್ದ 'ಕ್ಲ್ಯಾಪಿಂಗ್ ಮ್ಯೂಸಿಕ್' ಬಂದದ್ದು ಅದರ ಮರುವರ್ಷ, 1972ರಲ್ಲಿ. ಮನುಷ್ಯನ ಮೈಯೊಂದೇ ಸಾಕು, ಬೇರೆ ವಾದ್ಯವೇ ಬೇಡ ಎನ್ನುವಂಥ ಒಂದು ಕೃತಿ ಇರಲಿ ಎಂದು ಬರೆದದ್ದಂತೆ. ಇಬ್ಬರು ಬೇಕು, ನಾಲ್ಕು ಅಂಗೈ ಬೇಕು.

ನೀವೂ ಮಾಡಿ ನೋಡಿ

ಮಕ್ಕಳೇ, ಮನೆಯಲ್ಲಿ ಯಾರನ್ನಾದರೂ ಜೊತೆಗೆ ಕೂರಿಸಿಕೊಳ್ಳಿ. 'ತ' ಎಂದರೆ ಚಪ್ಪಾಳೆ, ಗೆರೆ ಎಂದರೆ ಸುಮ್ಮನಿರುವ ಒಂದು ಎಣಿಕೆ.

ತ ತ ತ – ತ ತ – ತ – ತ ತ –

ಒಟ್ಟು ಹನ್ನೆರಡು ಎಣಿಕೆ, ಅದರಲ್ಲಿ ಎಂಟು ಚಪ್ಪಾಳೆ. ಮೂರು, ಎರಡು, ಒಂದು, ಎರಡು ಎಂದು ನೆನಪಿಟ್ಟುಕೊಳ್ಳಿ. ಮೊದಲು ಇಬ್ಬರೂ ಇದನ್ನೇ ಹೊಡೆಯಿರಿ. ಆಮೇಲೆ ಒಬ್ಬರು ಹೀಗೇ ಮುಂದುವರಿಸಬೇಕು. ಇನ್ನೊಬ್ಬರು ಮೊದಲ ಚಪ್ಪಾಳೆಯನ್ನು ತೆಗೆದು ಕೊನೆಗೆ ಸೇರಿಸಿಕೊಳ್ಳಬೇಕು.

ತ ತ – ತ ತ – ತ – ತ ತ – ತ

ಮುಂದಿನ ಸಲ ಇನ್ನೊಂದು ಎಣಿಕೆ ಸರಿಯಬೇಕು. ಹೀಗೆ ಹನ್ನೆರಡು ಸಲ ಸರಿದರೆ ಇಬ್ಬರೂ ಮತ್ತೆ ಒಂದೇ ಚಪ್ಪಾಳೆಗೆ ಬಂದು ಸೇರುತ್ತೀರಿ. ರೈಶ್ ಬರೆದಂತೆ ಪ್ರತಿ ಹಂತವನ್ನೂ ಹನ್ನೆರಡು ಸುತ್ತು ಹೊಡೆದರೆ, ಮೊದಲಿನದೂ ಕೊನೆಯದೂ ಸೇರಿ ಹದಿಮೂರು ಹಂತ, 156 ಸುತ್ತು. ಒಬ್ಬೊಬ್ಬರದು 1,248 ಚಪ್ಪಾಳೆ! ನೀವು ನಾಲ್ಕು ನಾಲ್ಕು ಸುತ್ತಿನಿಂದ ಶುರು ಮಾಡಿ. ಆಗ 416 ಚಪ್ಪಾಳೆ ಸಾಕು.

ನಾನೂ ಪುಟ್ಟನೂ ಶುರು ಮಾಡಿದ್ದು ಹೀಗೆಯೇ. "ಅಜ್ಜಿ, ನೀನು ಅಲ್ಲಾಡಬೇಡ. ಬದಲಾಯಿಸೋದು ನಾನು" ಎಂದ. ಸುಲಭದ ಪಾಲು ನನಗೆ ಸಿಕ್ಕಿತು ಎಂದುಕೊಂಡೆ. ಅವನು ಒಂದು ಎಣಿಕೆ ಸರಿದನೋ ಇಲ್ಲವೋ, ನನ್ನ ಕೈ ಅವನ ಹಿಂದೆಯೇ ಓಡಿತು. ಮತ್ತೆ ಮೊದಲಿನಿಂದ. ಮತ್ತೆ ಓಡಿತು. ಸರಿಯುವವನಿಗೆ ಎಲ್ಲಿಗೆ ಹೋಗಬೇಕು ಎಂದು ಗೊತ್ತು. ಇದ್ದಲ್ಲೇ ಇರುವವರನ್ನು ಕಿವಿಯೇ ಎಳೆದುಕೊಂಡು ಹೋಗುತ್ತದೆ.

ಅವನ ಕಷ್ಟ ಬೇರೆ. ಸರಿದ ಮೇಲೆ ಅವನು ಮೂರು ಚಪ್ಪಾಳೆಯ ಗುಂಪನ್ನೇ ಹೊಸ ಮೊದಲು ಎಂದುಕೊಳ್ಳುತ್ತಿದ್ದ. ಹಾಗೆ ಮಾಡಬಾರದು, ಇಬ್ಬರಿಗೂ ಒಂದನೆಯ ಎಣಿಕೆ ಒಂದೇ ಇರಬೇಕು ಎಂಬುದು ರಚನೆಕಾರರ ಸೂಚನೆ. ಅದನ್ನು ಕೇಳಿದ ಕೂಡಲೇ ನನಗೆ ಸಂಗೀತ ಪಾಠದ ದಿನಗಳು ನೆನಪಾದವು. ಹಾಡಿನ ಎತ್ತುಗಡೆ ಸಮದಲ್ಲಿರಲಿ, ಅನಾಗತದಲ್ಲಿರಲಿ, ತೊಡೆಯ ಮೇಲಿನ ತಾಳ ಅದರ ಹಿಂದೆ ಹೋಗುವುದಿಲ್ಲ. "ಪುಟ್ಟ, ಕಾಲಲ್ಲಿ ಮೂರು ಎಣಿಕೆಗೊಂದು ತಾಳ ಹಾಕು. ಕಾಲು ಅಲ್ಲೇ ಇರಲಿ, ಕೈ ಮಾತ್ರ ಹೋಗಲಿ" ಎಂದೆ. ಹನ್ನೆರಡು ಎಣಿಕೆಗೆ ನಾಲ್ಕು ತಾಳ. ಎರಡು ದಿನದಲ್ಲಿ ಅವನಿಗೆ ಹಿಡಿತ ಸಿಕ್ಕಿತು. ನನಗೂ ಸಿಕ್ಕಿತು.

"ಅಮ್ಮ, ನೀನೂ ಅವನ ಜೊತೆ ಶುರು ಮಾಡಿದ್ಯಾ?" ಎಂದು ಮಗಳು ತಲೆ ಚಚ್ಚಿಕೊಂಡಳು. ದಿನಾ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಮ್ಮ ಅಭ್ಯಾಸ. ಪುಟ್ಟನ ಕನ್ನಡ ಅಷ್ಟಕ್ಕಷ್ಟೆ, ನನ್ನ ಇಂಗ್ಲಿಷ್ ಇನ್ನೂ ಅಷ್ಟಕ್ಕಷ್ಟೆ. ಆ ಅರ್ಧ ಗಂಟೆಯಲ್ಲಿ ಎರಡೂ ಬೇಕಾಗುತ್ತಿರಲಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿದೆ. ಕೈಗೆ ಬೇಕಾದಷ್ಟು ಕೆಲಸ ಸಿಕ್ಕ ಮೇಲೆ ಊಟದ ಮೇಜಿನ ಟಕ್ ಟಕ್ ಅರ್ಧಕ್ಕರ್ಧ ಇಳಿದಿತ್ತು.

ಏಳನೆಯ ಹಂತ

ನಾನು ಹೊರಡುವ ಹಿಂದಿನ ಭಾನುವಾರ ಮಗಳು ನಾಲ್ಕಾರು ಕನ್ನಡದ ಕುಟುಂಬಗಳನ್ನು ಊಟಕ್ಕೆ ಕರೆದಿದ್ದಳು. ಬಿಸಿಬೇಳೆಬಾತ್, ಕೋಸಂಬರಿ, ಪಾಯಸ ಆದ ಮೇಲೆ ಪುಟ್ಟ ನನ್ನ ಸೆರಗು ಎಳೆದ. ಹಾಲಿನ ನಡುವೆ ಎದುರುಬದುರು ನಿಂತೆವು. ಏನೋ ತಮಾಷೆ ಎಂದು ಮೊದಲು ಎಲ್ಲ ನಕ್ಕರು. ಮೂರನೆಯ ಹಂತಕ್ಕೆ ನಗು ನಿಂತಿತು.

ಏಳನೆಯ ಹಂತದಲ್ಲಿ ನಾನು ತಪ್ಪಿದೆ. ಯಾರದೋ ಫೋನ್ ಬಡಿದುಕೊಂಡಿತು, ಕೈ ತಡವರಿಸಿತು. ಪುಟ್ಟ ನಿಲ್ಲಿಸಲಿಲ್ಲ. ನನ್ನ ಮುಖ ನೋಡಿಕೊಂಡೇ ಕಾಲಿನಲ್ಲಿ ನಾಲ್ಕು ತಾಳವನ್ನು ಜೋರಾಗಿ ಹಾಕಿದ. ಅದು ನಾನೇ ಹೇಳಿಕೊಟ್ಟಿದ್ದ ತಾಳ. ಅದನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಒಳಗೆ ಸೇರಿದೆ. ಎಂಟು, ಒಂಬತ್ತು, ಹತ್ತು. ಹನ್ನೆರಡನೆಯ ಸಲ ಸರಿದಾಗ ನಾಲ್ಕು ಅಂಗೈಯ ಸದ್ದು ಒಂದಾಯಿತು. ಮಗಳು ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದಳು. ಏನೂ ಹೇಳಲಿಲ್ಲ. ಆ ರಾತ್ರಿ ಅಳಿಯನೂ ಅವಳೂ ಬಹಳ ಹೊತ್ತು ಮಾತಾಡಿದರು.

ಕ್ಲಾಸು ಪೂರ್ತಿ ನಿಲ್ಲಲಿಲ್ಲ. ಪರೀಕ್ಷೆ ಮುಗಿಯುವವರೆಗೆ ತಿಂಗಳಿಗೆ ಎರಡು ಶನಿವಾರ ಎಂದು ಒಪ್ಪಂದವಾಗಿದೆ. ಉಳಿದೆರಡು ಶನಿವಾರ ಗಣಿತ. ಹೊಸ ಜೊತೆಗಾರ ಇನ್ನೂ ಸಿಕ್ಕಿಲ್ಲ.

ಮೈಸೂರಿಗೆ ಬಂದ ಮೇಲೆ ವಿಡಿಯೊ ಕರೆಯಲ್ಲಿ ಮುಂದುವರಿಸೋಣ ಎಂದು ನೋಡಿದೆವು. ಆಗುವುದಿಲ್ಲ. ಅಲ್ಲಿನ ಸದ್ದು ಇಲ್ಲಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಇಬ್ಬರೂ ಒಟ್ಟಿಗೆ ಶುರು ಮಾಡಿದರೂ ಫೋನೇ ನಮ್ಮನ್ನು ಒಂದೆರಡು ಎಣಿಕೆ ಸರಿಸಿಬಿಡುತ್ತದೆ. "ಅಜ್ಜಿ, ಫೋನು ರೈಶ್ ಥರ ಆಡ್ತಿದೆ" ಎಂದು ಪುಟ್ಟ ನಕ್ಕ. ಹಾಗಾಗಿ ಈಗ ಅವನು ಅಲ್ಲಿ ಹೊಡೆಯುತ್ತಾನೆ, ನಾನು ಇಲ್ಲಿ ಕೇಳಿ ತಪ್ಪು ಹೇಳುತ್ತೇನೆ. ಡಿಸೆಂಬರ್ ರಜಕ್ಕೆ ಅವರೆಲ್ಲ ಬರುತ್ತಾರೆ. ಅಲ್ಲಿಯವರೆಗೆ ನಾನು ದಿನಾ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಪಾಲಿನ ಹನ್ನೆರಡು ಎಣಿಕೆಯನ್ನು ಒಬ್ಬಳೇ ಹೊಡೆದುಕೊಳ್ಳುತ್ತೇನೆ. ಅವನು ಬಂದಾಗ ನನ್ನ ಕೈ ಇದ್ದಲ್ಲೇ ಇರಬೇಕಲ್ಲ!