363 ದಿನಗಳ ಪ್ರಧಾನಿ

1963ರ ಅಕ್ಟೋಬರ್. ಅನಾರೋಗ್ಯದಿಂದ ಹೆರಾಲ್ಡ್ ಮ್ಯಾಕ್ಮಿಲನ್ ರಾಜೀನಾಮೆ ಕೊಟ್ಟಾಗ ಬ್ರಿಟನ್ನಿನ ಪ್ರಧಾನಿ ಪಟ್ಟ ಸ್ಕಾಟ್ಲೆಂಡಿನ ಶ್ರೀಮಂತ ಮನೆತನದ 14ನೆಯ ಅರ್ಲ್, ಅಲೆಕ್ ಡಗ್ಲಸ್-ಹ್ಯೂಮ್ ಅವರಿಗೆ ಬಂತು. ಆಗ ಕನ್ಸರ್ವೇಟಿವ್ ಪಕ್ಷದಲ್ಲಿ ನಾಯಕನನ್ನು ಆರಿಸಲು ಮತದಾನವೇ ಇರಲಿಲ್ಲ. ಹಿರಿಯರು ಒಳಗೊಳಗೇ ಸಮಾಲೋಚಿಸಿ ಹೆಸರು ಸೂಚಿಸುತ್ತಿದ್ದರು. ಇದನ್ನೊಪ್ಪದ ಇಯಾನ್ ಮೆಕ್ಲೌಡ್ ಮತ್ತು ಇನಾಕ್ ಪೊವೆಲ್ ಸಂಪುಟ ಸೇರಲಿಲ್ಲ.

ಹೊಸ ಪ್ರಧಾನಿ ಇದ್ದದ್ದು ಲಾರ್ಡ್ಸ್ ಸಭೆಯಲ್ಲಿ. 20ನೆಯ ಶತಮಾನದ ರಾಜಕೀಯಕ್ಕೆ ಅದು ಒಗ್ಗುವ ಮಾತಲ್ಲ. ಅದೇ ವರ್ಷ ಬಂದ ಕಾಯ್ದೆ ಕೈಹಿಡಿಯಿತು. ವಂಶಪಾರಂಪರ್ಯ ಪದವಿ ತ್ಯಜಿಸಲು ಅವಕಾಶ ಕೊಟ್ಟ ಈ ಕಾಯ್ದೆಗಾಗಿ ಹೋರಾಡಿದ್ದವರು ಎದುರು ಪಾಳಯದ, ಲೇಬರ್ ಪಕ್ಷದ ಟೋನಿ ಬೆನ್ ಎಂಬುದು ಸ್ವಾರಸ್ಯ. ಅಕ್ಟೋಬರ್ 23ರಂದು ಅರ್ಲ್ ಪದವಿ ಬಿಟ್ಟ ಹ್ಯೂಮ್, ನವೆಂಬರ್ 7ರ ಉಪಚುನಾವಣೆಯಲ್ಲಿ ಗೆದ್ದು ಕಾಮನ್ಸ್ ಸಭೆಗೆ ಬಂದರು. ನಡುವಿನ ಎರಡು ವಾರ ಬ್ರಿಟನ್ನಿನ ಪ್ರಧಾನಿ ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ!

ಅವರ ಸರ್ಕಾರದ ದೊಡ್ಡ ಕಾನೂನು ಅಂಗಡಿಗಳಿಗೆ ಸಂಬಂಧಿಸಿದ್ದು. ತಯಾರಕರು ಚಿಲ್ಲರೆ ಬೆಲೆಯನ್ನು ತಾವೇ ಕಟ್ಟುಮಾಡುವ ಪದ್ಧತಿಯನ್ನು ಸಚಿವ ಎಡ್ವರ್ಡ್ ಹೀತ್ ಮುಂದೆ ನಿಂತು ಬಹುಮಟ್ಟಿಗೆ ತೆಗೆಸಿದರು. ಸಣ್ಣ ವ್ಯಾಪಾರಿಗಳು, ಅಂದರೆ ಪಕ್ಷದ ಸ್ವಂತ ಬೆಂಬಲಿಗರೇ, ಮುನಿಸಿಕೊಂಡರು.

ಹ್ಯೂಮ್ ಸೌಮ್ಯ, ಸಜ್ಜನ; ಪ್ರಥಮ ದರ್ಜೆ ಕ್ರಿಕೆಟ್ ಆಡಿದ ಏಕೈಕ ಬ್ರಿಟಿಷ್ ಪ್ರಧಾನಿ. ಆದರೆ ಟಿವಿ ಪರದೆಗೆ ಒಗ್ಗಲಿಲ್ಲ. ಎದುರಾಳಿ ಹೆರಾಲ್ಡ್ ವಿಲ್ಸನ್‌ಗೆ ಅದು ಚೆನ್ನಾಗಿ ಒಲಿದಿತ್ತು. 1964ರ ಅಕ್ಟೋಬರ್ 15ರ ಚುನಾವಣೆಯಲ್ಲಿ ಲೇಬರ್‌ಗೆ 317, ಕನ್ಸರ್ವೇಟಿವ್‌ಗೆ 304 ಸ್ಥಾನ. ಮರುದಿನವೇ ಹ್ಯೂಮ್ ಅಧಿಕಾರ ಬಿಟ್ಟರು.

1965ರಲ್ಲಿ ಕನ್ಸರ್ವೇಟಿವ್ ಪಕ್ಷ ನಾಯಕನ ಆಯ್ಕೆಗೆ ಸಂಸದರ ಮತದಾನ ತಂದಿತು, ಹೀತ್ ಗೆದ್ದರು. 1970ರಲ್ಲಿ ಅದೇ ಹೀತ್ ಸರ್ಕಾರದಲ್ಲಿ ಹ್ಯೂಮ್ ವಿದೇಶಾಂಗ ಸಚಿವರಾದರು.