ಮನಸ್ಸಿನ ಚಿತ್ರವೂ ಕಳವಳದ ಶಮನವೂ

ಹುಣಿಸೆಹಣ್ಣನ್ನು ನೆನೆದೊಡನೆಯೇ ಬಾಯಲ್ಲಿ ನೀರೂರುವುದನ್ನು ಅರಿಯದವರಾರು? ಹಣ್ಣು ಕಣ್ಣ ಮುಂದೆ ಇಲ್ಲ. ನಾಲಗೆಗೆ ಸೋಕಿಯೂ ಇಲ್ಲ. ಮನಸ್ಸು ಅದರ ಚಿತ್ರವೊಂದನ್ನು ಬರೆದುಕೊಂಡಿತು. ದೇಹವು ಆ ಚಿತ್ರವನ್ನೇ ನಂಬಿ ತನ್ನ ಕೆಲಸಕ್ಕೆ ತೊಡಗಿತು. ಕಳವಳವೆಂಬ ಬೇನೆಯ ಮೂಲವೂ ಅದನ್ನು ತಗ್ಗಿಸುವ ಒಂದು ಉಪಾಯವೂ ಈ ಸಾಮಾನ್ಯ ಅನುಭವದಲ್ಲಿಯೇ ಅಡಗಿರುವುವೆಂಬುದನ್ನು ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಭಯವೇ ಬೇರೆ, ಕಳವಳವೇ ಬೇರೆ. ಎದುರಿಗೆ ಹಾವನ್ನು ಕಂಡು ಹಿಂದೆಗೆಯುವುದು ಭಯ. ನಾಳೆ ಹಾವು ಬಂದೀತೇ ಎಂದು ಇರುಳೆಲ್ಲ ಕಣ್ಣು ಮುಚ್ಚದಿರುವುದು ಕಳವಳ. ಹೊತ್ತು ಮೀರಿದರೂ ಮನೆಗೆ ಬಾರದ ಮಗನನ್ನು ಕಾಯುವ ತಾಯಿಯನ್ನು ನೋಡಿರಿ. ಗಳಿಗೆ ಗಳಿಗೆಗೂ ಒಂದೊಂದು ಅನಾಹುತವು ಅವಳ ಕಣ್ಣಿಗೆ ಕಟ್ಟುತ್ತದೆ. ಅವಳ ಎದೆ ಬಡಿದುಕೊಳ್ಳುವುದು ಆ ಚಿತ್ರಗಳಿಗೇ ಹೊರತು ನಡೆದ ಸಂಗತಿಗಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಶರೀರಶಾಸ್ತ್ರಜ್ಞರಾದ ವಾಲ್ಟರ್ ಕ್ಯಾನನ್ನರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಸಮಯದ ದೇಹಸ್ಥಿತಿಯನ್ನು ವಿವರಿಸಿದ್ದಾರೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ, ಹೃದಯದ ಬಡಿತ ಹೆಚ್ಚುತ್ತದೆ, ಉಸಿರು ತೀವ್ರವಾಗುತ್ತದೆ, ಜೀರ್ಣಕ್ರಿಯೆ ಕುಂದುತ್ತದೆ. ಓಡಲು ಇಲ್ಲವೆ ಕಾದಾಡಲು ಪ್ರಕೃತಿಯು ಮಾಡಿದ ಸಿದ್ಧತೆಯಿದು. ಕುರ್ಚಿಯ ಮೇಲೆ ಕುಳಿತು ಚಿಂತಿಸುವವನಾದರೋ ಓಡುವುದೂ ಇಲ್ಲ, ಕಾದಾಡುವುದೂ ಇಲ್ಲ. ಸಿದ್ಧತೆಯೆಲ್ಲ ಒಳಗೇ ಉಳಿದು ಅವನನ್ನು ದಣಿಸುತ್ತದೆ.

ಕೆಟ್ಟ ಚಿತ್ರವು ದೇಹವನ್ನು ಹೀಗೆ ಬಿಗಿಯುವುದಾದರೆ ಒಳ್ಳೆಯ ಚಿತ್ರವು ಅದನ್ನು ಸಡಿಲಿಸಬಾರದೇಕೆ? ಈ ಪ್ರಶ್ನೆಗೆ ಮೂವರು ವೈದ್ಯರು ಮೂರು ಬಗೆಯಲ್ಲಿ ಉತ್ತರ ಹುಡುಕಿದರು. ಅಮೆರಿಕದ ಎಡ್ಮಂಡ್ ಜೇಕಬ್‌ಸನ್ನರು ಮಾಂಸಖಂಡಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ಕ್ರಮವನ್ನು 1929ರಲ್ಲಿ ಗ್ರಂಥರೂಪವಾಗಿ ಹೊರತಂದರು. ತೋಳನ್ನು ಮಡಿಸಿದಂತೆ ಬರಿದೆ ಭಾವಿಸಿದಾಗಲೂ ಆ ತೋಳಿನ ಮಾಂಸಖಂಡದಲ್ಲಿ ಅತಿಸೂಕ್ಷ್ಮವಾದ ವಿದ್ಯುತ್ ಚಲನೆಯು ಕಾಣುವುದೆಂದು ಅವರು ಯಂತ್ರದಿಂದ ಅಳೆದು ತೋರಿಸಿದರು. ಜರ್ಮನಿಯ ಷುಲ್ಟ್ಸ್‌ರು 1932ರಲ್ಲಿ, ಕೈಕಾಲುಗಳು ಭಾರವಾಗಿ ಬೆಚ್ಚಗಾಗುತ್ತಿವೆ ಎಂದು ಭಾವಿಸುವ ಅಭ್ಯಾಸವನ್ನು ಬೋಧಿಸಿದರು. ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪರು ದೇಹದ ಸಡಿಲಿಕೆಯನ್ನೂ ಮನಸ್ಸಿನ ಚಿತ್ರವನ್ನೂ ಕೂಡಿಸಿ, 1958ರ ತಮ್ಮ ಗ್ರಂಥದಲ್ಲಿ ಒಂದು ಚಿಕಿತ್ಸೆಯನ್ನು ನಿರೂಪಿಸಿದರು. ನಮ್ಮ ನಾಡಿಗೂ ಭಾವನೆಯ ಅಭ್ಯಾಸ ಹೊಸದಲ್ಲ. ಪಾರಾಯಣಕ್ಕೆ ಮೊದಲು ಧ್ಯಾನಶ್ಲೋಕವನ್ನು ಹೇಳಿ ಮೂರ್ತಿಯನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವ ರೂಢಿಯುಂಟು, ಮಾನಸಪೂಜೆಯುಂಟು. ಅವುಗಳ ಗುರಿ ಬೇರೆಯಾದರೂ ಚಿತ್ತವನ್ನು ಒಂದು ಚಿತ್ರದಲ್ಲಿ ನೆಲೆಗೊಳಿಸುವ ಕೆಲಸ ಒಂದೇ.

ಅಭ್ಯಾಸದ ಕ್ರಮ ಹೀಗೆ. ಗದ್ದಲವಿಲ್ಲದ ಕಡೆ ಕುಳಿತು ಇಲ್ಲವೆ ಮಲಗಿ, ಉಸಿರನ್ನು ನಿಧಾನವಾಗಿ ಬಿಡುತ್ತ, ಹಣೆ, ದವಡೆ, ಹೆಗಲು, ಕೈಗಳನ್ನು ಸಡಿಲಿಸಬೇಕು. ಬಳಿಕ ತಾವು ನೆಮ್ಮದಿಯಿಂದಿದ್ದ ಒಂದು ಸ್ಥಳವನ್ನು ನೆನೆಯಬೇಕು. ಅದು ಹೊಳೆಯ ದಂಡೆಯಾಗಬಹುದು, ಅಜ್ಜನ ಮನೆಯ ಜಗುಲಿಯಾಗಬಹುದು. ಕಣ್ಣಿನ ನೋಟವೊಂದೇ ಸಾಲದು. ನೀರಿನ ಸದ್ದು, ನೆನೆದ ಮಣ್ಣಿನ ವಾಸನೆ, ಅಂಗಾಲಿಗೆ ತಗಲುವ ಕಲ್ಲಿನ ತಂಪು, ಇವನ್ನೂ ಕರೆತರಬೇಕು. ಮನಸ್ಸು ನಡುವೆ ಜಾರಿದರೆ ಗದರಿಸದೆ ಹಿಂದಕ್ಕೆ ತಂದರಾಯಿತು.

ವೋಲ್ಪರ ಕ್ರಮದಲ್ಲಿ ಇದಕ್ಕೆ ಮುಂದಿನ ಮೆಟ್ಟಿಲುಗಳಿವೆ. ಪರೀಕ್ಷೆಯೆಂದರೆ ನಡುಗುವ ವಿದ್ಯಾರ್ಥಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವೇಳಾಪಟ್ಟಿಯನ್ನು ಓದುವುದು, ಹಿಂದಿನ ರಾತ್ರಿ, ಪರೀಕ್ಷಾಮಂದಿರದ ಬಾಗಿಲು, ಗಂಟೆಯ ಸದ್ದು, ಕೈಗೆ ಬರುವ ಪ್ರಶ್ನೆಪತ್ರಿಕೆ, ಹೀಗೆ ಅಲ್ಪಭಯದಿಂದ ಅಧಿಕಭಯದವರೆಗೆ ಒಂದು ಪಟ್ಟಿ ಮಾಡಬೇಕು. ದೇಹವನ್ನು ಸಡಿಲಿಸಿಕೊಂಡು ಮೊದಲನೆಯದನ್ನು ಭಾವಿಸಬೇಕು. ಎದೆ ಬಡಿದುಕೊಂಡರೆ ಚಿತ್ರವನ್ನು ಬಿಟ್ಟು ಮತ್ತೆ ಸಡಿಲಿಕೆಗೆ ಮರಳಬೇಕು. ಅದು ಅಲುಗಿಸದಂತಾದ ಮೇಲೆಯೇ ಎರಡನೆಯದಕ್ಕೆ ಏರಬೇಕು. ಆದರೆ ಭಾವನೆಯಲ್ಲಿ ಗೆದ್ದ ಮೆಟ್ಟಿಲನ್ನು ಲೋಕದಲ್ಲಿಯೂ ಏರಲೇಬೇಕು. ಹೆದರಿದ ವಸ್ತುವನ್ನು ಹಂತಹಂತವಾಗಿ ನಿಜವಾಗಿಯೇ ಎದುರಿಸುವುದು ಸಾಮಾನ್ಯವಾಗಿ ಹೆಚ್ಚು ಫಲಕಾರಿಯೆಂದು ಮುಂದೆ ತಿಳಿದುಬಂದಿದೆ.

ಎಂಥ ಚಿತ್ರವನ್ನು ಬರೆಯಬೇಕೆಂಬುದರಲ್ಲಿಯೂ ವಿವೇಕ ಬೇಕು. ಕ್ಯಾಲಿಫೋರ್ನಿಯದಲ್ಲಿ ಫಾಮ್ ಮತ್ತು ಟೇಲರ್ ಎಂಬ ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪರಿಶೀಲನೆ ಇಲ್ಲಿ ಸ್ಮರಣೀಯ. ಒಳ್ಳೆಯ ಅಂಕಗಳು ಬಂದಂತೆ ಭಾವಿಸಿದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಪುಸ್ತಕ ತೆರೆದು ಕುಳಿತು ಓದುತ್ತಿರುವಂತೆ ಭಾವಿಸಿದವರೋ ಹೆಚ್ಚು ಓದಿದರು, ಉತ್ತಮ ಅಂಕಗಳನ್ನು ಪಡೆದರು. ಅವರ ಕಳವಳವೂ ತಗ್ಗಿತು. ಫಲವನ್ನು ಕನಸು ಕಾಣುವುದಕ್ಕಿಂತ ದಾರಿಯನ್ನು ಭಾವಿಸುವುದು ಮೇಲು.

ಈ ಉಪಾಯಕ್ಕೂ ಮಿತಿಯುಂಟು. ಬೆಳಗಿನ ಉಪಾಹಾರದ ಮೇಜನ್ನು ನೆನೆದು ಹೇಳಿರೆಂದು ಗಾಲ್ಟನ್ನರು ಹಲವರನ್ನು ಕೇಳಿ, ಕೆಲವರಿಗೆ ಚಿತ್ರವು ಸ್ಫುಟವಾಗಿ ಕಾಣುವುದೆಂದೂ ಕೆಲವರಿಗೆ ಏನೂ ಕಾಣದೆಂದೂ 1880ರಲ್ಲಿಯೇ ಬರೆದರು. ಇಂಥ ಚಿತ್ರಹೀನತೆಗೆ ಅಫ್ಯಾಂಟೇಸಿಯ ಎಂಬ ಹೆಸರು ಬಂದುದು 2015ರಲ್ಲಿ. ಅದು ರೋಗವಲ್ಲ, ಅಂಥವರಿಗೆ ಉಸಿರಿನ ಎಣಿಕೆಯೂ ದೇಹದ ಸಡಿಲಿಕೆಯೂ ಸಾಕು. ಸಾಲವಿರುವವನ ಸಾಲವನ್ನು ಯಾವ ಚಿತ್ರವೂ ತೀರಿಸದು. ಅದನ್ನು ತೀರಿಸುವ ಬಗೆಯನ್ನು ಶಾಂತವಾಗಿ ಯೋಚಿಸುವ ಶಕ್ತಿಯನ್ನಷ್ಟೆ ಕೊಟ್ಟೀತು. ನಿದ್ರಾಹಾರಗಳು ವಾರಗಟ್ಟಲೆ ಕೆಟ್ಟಿದ್ದರೆ, ಬಾಳೇ ಬೇಡವೆನಿಸಿದರೆ, ಕಣ್ಣುಮುಚ್ಚಿ ಕುಳಿತು ಕಾಲ ಕಳೆಯದೆ ಒಡನೆಯೇ ವೈದ್ಯರನ್ನು ಕಾಣಬೇಕು.

ಕಡೆಯದಾಗಿ ಒಂದು ಮಾತು. ಈ ಅಭ್ಯಾಸವನ್ನು ಕಷ್ಟ ಬಂದ ದಿನವೇ ಆರಂಭಿಸುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ನೆಮ್ಮದಿಯ ದಿನಗಳಲ್ಲಿಯೇ, ದಿನಕ್ಕೆ ಹತ್ತು ನಿಮಿಷ, ಬಿಡದೆ ನಡೆಸಿದರೆ, ಬೇಕಾದ ಹೊತ್ತಿಗೆ ಮನಸ್ಸು ತಾನಾಗಿಯೇ ಆ ಹೊಳೆಯ ದಂಡೆಯ ದಾರಿಯನ್ನು ಹಿಡಿಯುವುದು.